ಹಕೀಮ್ ಅಜ್ಮಲ್ ಖಾನ್: ಔಷಧಿಯಿಂದ ಶುರುವಾದ ಹೋರಾಟ

1921ರ ಫೆಬ್ರವರಿ 13. ದೆಹಲಿಯ ಕರೋಲ್ ಬಾಗ್‌ನಲ್ಲಿ ಆಯುರ್ವೇದ ಮತ್ತು ಯುನಾನಿ ತಿಬ್ಬಿಯಾ (ವೈದ್ಯಕೀಯ) ಕಾಲೇಜನ್ನು ಗಾಂಧೀಜಿ ಉದ್ಘಾಟಿಸಿದರು. ಅಸಹಕಾರ ಚಳವಳಿ ಜೋರಾಗಿದ್ದ ಕಾಲ ಅದು. ಆದರೆ 1916ರಲ್ಲಿ ಇದೇ ಕಾಲೇಜಿಗೆ ಅಡಿಗಲ್ಲು ಹಾಕಿದ್ದವರು ವೈಸರಾಯ್ ಲಾರ್ಡ್ ಹಾರ್ಡಿಂಜ್! ಕಾಲೇಜು ಕಟ್ಟಿಸಿದ ಹಕೀಮ್ ಅಜ್ಮಲ್ ಖಾನ್ ಈ ಐದು ವರ್ಷಗಳಲ್ಲಿ ಸರ್ಕಾರದ ಆಪ್ತರಾಗಿದ್ದವರು ಅದರ ಎದುರಾಳಿಯಾಗಿದ್ದರು.

ಅವರು ಹುಟ್ಟಿದ್ದು 1868ರಲ್ಲಿ, ಹಳೇ ದೆಹಲಿಯ ಬಲ್ಲಿಮಾರಾನ್‌ನಲ್ಲಿ. ತಲೆತಲಾಂತರದಿಂದ ಹಕೀಮರ, ಅಂದರೆ ಗ್ರೀಕ್-ಅರಬ್ ಮೂಲದ ಯುನಾನಿ ಪದ್ಧತಿಯ ವೈದ್ಯರ ಮನೆತನ. 1857ರ ದಂಗೆಯ ನಂತರ ಬ್ರಿಟಿಷ್ ಪಡೆ ದೆಹಲಿಯನ್ನು ಸೂರೆ ಮಾಡಿದಾಗ ಪಟಿಯಾಲದ ಮಹಾರಾಜರು ಈ ಹಕೀಮರ ಬೀದಿಗೆ ಕಾವಲು ಹಾಕಿಸಿದ್ದರು. ಅದೇ ಬೀದಿಯಲ್ಲಿದ್ದ ಕವಿ ಗಾಲಿಬ್ ಕೂಡ ಹಾಗಾಗಿ ಪಾರಾದರು. ಅಜ್ಮಲ್ ಖಾನ್ ಚಿಕ್ಕಂದಿನಲ್ಲೇ ಇಡೀ ಕುರಾನ್ ಕಂಠಪಾಠ ಮಾಡಿದರು. ಅರಬ್ಬಿ, ಪಾರ್ಸಿ ಕಲಿತರು. ವೈದ್ಯವನ್ನು ಮನೆಯವರಿಂದಲೇ ಕಲಿತು, ರಾಂಪುರದ ನವಾಬರ ಬಳಿ ಹಕೀಮರಾದರು.

ಅವರ ಜಗಳ ಶುರುವಾಗಿದ್ದು ರಾಜಕೀಯದಿಂದಲ್ಲ, ಔಷಧಿಯಿಂದ. ಪಾಶ್ಚಾತ್ಯ ಪದ್ಧತಿ ಓದಿದವರನ್ನು ಮಾತ್ರ ವೈದ್ಯರೆಂದು ನೋಂದಾಯಿಸುವ ಕಾನೂನಿಗೆ ಬಾಂಬೆ ಪ್ರಾಂತ್ಯ ಕೈಹಾಕಿತು. 1912ರಲ್ಲಿ ಅದು ಕಾಯ್ದೆಯೂ ಆಯಿತು. ಹಾಗಾದರೆ ಊರೂರಲ್ಲಿ ನಾಡಿ ನೋಡುತ್ತಿದ್ದ ಯುನಾನಿ ಹಕೀಮರು, ಆಯುರ್ವೇದ ಪಂಡಿತರು ಏನಾಗಬೇಕು? ಅಜ್ಮಲ್ ಖಾನ್ 1910ರಲ್ಲೇ ಇಬ್ಬರನ್ನೂ ಒಂದೇ ಸಮ್ಮೇಳನದಲ್ಲಿ ಕೂಡಿಸಿದ್ದರು. ಹಿಂದೂ-ಮುಸ್ಲಿಂ ಒಗ್ಗಟ್ಟು ಅವರಿಗೆ ಬರೀ ಭಾಷಣದ ಮಾತಾಗಿರಲಿಲ್ಲ. ಅವರ ಕಾಲೇಜಿನ ಹೆಸರಲ್ಲೇ ಆಯುರ್ವೇದ, ಯುನಾನಿ ಎರಡೂ ಇವೆ ನೋಡಿ.

ಹಳೆಯದೆಲ್ಲ ಸರಿ ಎಂದು ಅವರು ಸುಮ್ನೆ ಕೂರಲಿಲ್ಲ. 1911ರಲ್ಲಿ ಯುರೋಪಿಗೆ ಹೋಗಿ ಆಸ್ಪತ್ರೆಗಳನ್ನು ನೋಡಿ ಬಂದರು. ಮೂಲಿಕೆಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಲೇಬೇಕು ಎನ್ನುತ್ತಿದ್ದರು. ಜರ್ಮನಿಯಲ್ಲಿ ರಸಾಯನಶಾಸ್ತ್ರ ಓದಿದ ಸಲೀಮುಝ್ಝಮಾನ್ ಸಿದ್ದಿಕಿ ಅವರನ್ನು ತಿಬ್ಬಿಯಾ ಕಾಲೇಜಿನ ಸಂಶೋಧನೆಗೆ ಕರೆತಂದರು. ಸಿದ್ದಿಕಿ 1931ರಲ್ಲಿ ಸರ್ಪಗಂಧಿಯ ಬೇರಿನಿಂದ ಒಂದು ರಾಸಾಯನಿಕ ಬೇರ್ಪಡಿಸಿ ಅದಕ್ಕೆ 'ಅಜ್ಮಲಿನ್' ಎಂದು ಹೆಸರಿಟ್ಟರು. ಹೃದಯ ಬಡಿತದ ಒಂದು ಬಗೆಯ ದೋಷ ಪತ್ತೆಗೆ ವೈದ್ಯರು ಈಗಲೂ ಅದನ್ನು ಬಳಸುತ್ತಾರೆ. ನಮ್ಮ ಪಶ್ಚಿಮ ಘಟ್ಟದಲ್ಲೂ ಬೆಳೆಯುವ ಗಿಡ ಅದು.

1919ರಲ್ಲಿ ರೌಲತ್ ಕಾಯ್ದೆ, ಜಲಿಯನ್‌ವಾಲಾ ಬಾಗ್ ಬಂದವು. ಅದರ ಹಿಂದೆಯೇ ಖಿಲಾಫತ್ ಪ್ರಶ್ನೆ, ಅಂದರೆ ಟರ್ಕಿ ಸುಲ್ತಾನನ ಖಲೀಫಾ ಪದವಿ ಉಳಿಸುವ ಪ್ರಶ್ನೆ. 1920ರಲ್ಲಿ ಅಜ್ಮಲ್ ಖಾನ್ ಸರ್ಕಾರ ಕೊಟ್ಟಿದ್ದ 'ಹಾಝಿಕ್-ಉಲ್-ಮುಲ್ಕ್' (ನಾಡಿನ ನುರಿತ ವೈದ್ಯ) ಬಿರುದು, ಪದಕ ಎರಡನ್ನೂ ವಾಪಸ್ ಕೊಟ್ಟರು. ರಾಜಮಹಾರಾಜರ ಮನೆಗಳಲ್ಲಿ ವೈದ್ಯ ಮಾಡುತ್ತಿದ್ದವರಿಗೆ ಇದು ಸಣ್ಣ ನಿರ್ಧಾರ ಅಲ್ಲ. ಮರುವರ್ಷ ಸಿ.ಆರ್. ದಾಸ್ ಜೈಲಿನಲ್ಲಿದ್ದ ಕಾರಣ ಅಹಮದಾಬಾದ್ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ ಇವರ ಹೆಗಲಿಗೆ ಬಿತ್ತು. ಪಠ್ಯಪುಸ್ತಕಗಳು ಹೇಳುವುದು ಇದನ್ನೇ. ನನಗೆ ಜಾಸ್ತಿ ದೊಡ್ಡದಾಗಿ ಕಾಣುವುದು ಜಾಮಿಯಾ ವಿಶ್ವವಿದ್ಯಾಲಯ.

ಸರ್ಕಾರದ ಹಣ ಬೇಡ ಎಂದು ಅಲೀಗಢದ ಕಾಲೇಜಿನಿಂದ ಹೊರಬಂದ ವಿದ್ಯಾರ್ಥಿಗಳು, ಶಿಕ್ಷಕರಿಗಾಗಿ 1920ರಲ್ಲಿ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾ ಹುಟ್ಟಿತು. ಅಜ್ಮಲ್ ಖಾನ್ ಅದರ ಮೊದಲ ಕುಲಾಧಿಪತಿ. 1924ರಲ್ಲಿ ಟರ್ಕಿಯೇ ಖಿಲಾಫತ್ ರದ್ದು ಮಾಡಿದ ಮೇಲೆ ಖಿಲಾಫತ್ ಚಳವಳಿಯಿಂದ ಜಾಮಿಯಾಗೆ ಹಣ ಬರುವುದು ನಿಂತಿತು. ಮುಚ್ಚಿಬಿಡೋಣ ಎಂದವರೂ ಇದ್ದರು. ಹಕೀಮರು ಒಪ್ಪಲಿಲ್ಲ. 1925ರಲ್ಲಿ ಅದನ್ನು ಕರೋಲ್ ಬಾಗ್‌ಗೆ ತಂದು, ಖರ್ಚಿನ ದೊಡ್ಡ ಪಾಲನ್ನು ಸ್ವಂತ ಜೇಬಿನಿಂದ ಕೊಟ್ಟರು.

1927ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡಾಗ ಜಾಮಿಯಾ ಮತ್ತೆ ಕೈ ಬರಿದು ಮಾಡಿಕೊಂಡು ನಿಂತಿತು. ಆಗ ಮುಂದೆ ರಾಷ್ಟ್ರಪತಿಯಾದ ಝಾಕಿರ್ ಹುಸೇನ್ ಮತ್ತು ಅವರ ಜೊತೆಯ ಶಿಕ್ಷಕರು ಒಂದು ಶಪಥ ಮಾಡಿದರು: 150 ರೂಪಾಯಿಗಿಂತ ಹೆಚ್ಚು ಸಂಬಳ ಕೇಳದೆ 20 ವರ್ಷ ಇಲ್ಲೇ ದುಡಿಯುತ್ತೇವೆ.