ಹೊಸ ರೈಡ್‌ಗೆ ಬಂದ ಜನ ಎಲ್ಲಿಂದ ಬಂದರು?

ಥೀಮ್ ಪಾರ್ಕ್‌ಗಳಿಗೆ ಎಷ್ಟು ಜನ ಬರಬಹುದು ಅಂತ ಅಂದಾಜು ಹಾಕಿಕೊಡುವುದು ನನ್ನ ಕೆಲಸ. ಮಾಲೀಕರು ಕಳಿಸುವ ಎಕ್ಸೆಲ್ ಶೀಟ್ ತೆರೆದ ಕೂಡಲೇ ಕಣ್ಣು ಒಂದೇ ಸಾಲಿಗೆ ಹೋಗುತ್ತದೆ. ಹೊಸ ರೈಡ್ ತೆರೆದ ವರ್ಷ ಜನ ಶೇಕಡಾ 20 ಜಾಸ್ತಿ. ಮುಂದಿನ ವರ್ಷ ಅದರ ಮೇಲೆ ಇನ್ನೊಂದು 8. ಆಮೇಲೂ 8. ಒಂದು ಸೆಲ್‌ನಲ್ಲಿ ಫಾರ್ಮುಲಾ ಬರೆದು, ಮೌಸ್ ಹಿಡಿದು ಕೊನೆವರೆಗೂ ಎಳೆದುಬಿಟ್ಟಿರುತ್ತಾರೆ. ಬ್ಯಾಂಕಿನವರೂ ಅದನ್ನು ನೋಡಿ ತಲೆಯಾಡಿಸಿರುತ್ತಾರೆ!

ಜಾಸ್ತಿ ಬಂದ ಜನರೆಲ್ಲ ಹೊಸಬರು ಅಂದುಕೊಂಡರೆ ಲೆಕ್ಕ ಅಲ್ಲೇ ಕೆಟ್ಟಿತು. ಸ್ವಲ್ಪ ಜನ ಹೊಸಬರು, ನಿಜ. ಇನ್ನು ಕೆಲವರು ಹಿಂದಿನ ವರ್ಷವೇ ಬರಬೇಕಿದ್ದವರು, ಹೊಸದು ಬರುತ್ತದೆ ಅಂತ ಕಾದು ಕೂತವರು. ಕೆಲವರು ಮುಂದಿನ ವರ್ಷ ಬರಬೇಕಿದ್ದವರು, ಈಗಲೇ ಬಂದು ನೋಡಿಕೊಂಡು ಹೋದರು. ನಿಮ್ಮದೇ ಎರಡು ಪಾರ್ಕ್ ಇದ್ದರೆ ಒಂದರಿಂದ ಇನ್ನೊಂದಕ್ಕೆ ತಿರುಗಿಕೊಂಡವರೂ ಇರುತ್ತಾರೆ. ಜೊತೆಗೆ ಸೀಸನ್ ಪಾಸ್‌ನವರು: ಒಂದೇ ಮುಖ, ಗೇಟಿನಲ್ಲಿ ನಾಲ್ಕು ಎಣಿಕೆ.

ಒಬ್ಬ ಮಾಲೀಕರು ದೊಡ್ಡ ರೋಲರ್ ಕೋಸ್ಟರ್ ಬರುತ್ತದೆ ಅಂತ ಒಂದು ವರ್ಷ ಮೊದಲೇ ಊರಿಗೆಲ್ಲ ಸಾರಿದರು. ಆ ಸೀಸನ್ ಬುಕಿಂಗ್ ಕುಸಿಯಿತು. ಮಾರ್ಕೆಟಿಂಗ್ ಹುಡುಗನಿಗೆ ಬೈಗುಳ. "ಅವನನ್ನು ಬಿಡಿ ಸಾರ್, ನಿಮ್ಮ ಮಗಳಿಗೆ ಒಂದೇ ಸಲ ಹೋಗೋಕೆ ಆಗೋದು ಅಂದ್ರೆ ಈ ವರ್ಷ ಹೋಗ್ತಾಳಾ, ಕೋಸ್ಟರ್ ಬಂದ ಮೇಲೆ ಹೋಗ್ತಾಳಾ?" ಅಂತ ಕೇಳಿದೆ. ನಕ್ಕರು. ಆದರೆ ಮರುವರ್ಷದ ಏರಿಕೆಯನ್ನು ಆ ಕುಸಿದ ವರ್ಷಕ್ಕೇ ಹೋಲಿಸಿ ಬೋರ್ಡ್ ಮೀಟಿಂಗ್‌ನಲ್ಲಿ ಚಪ್ಪಾಳೆ ತಗೊಂಡರು ಅನ್ನಿ. ಒಳ್ಳೆಯ ಮನುಷ್ಯ, ಲೆಕ್ಕ ಮಾತ್ರ ಕೇಳಬೇಡಿ.

ದೊಡ್ಡವರಿಗೂ ಇದು ತಪ್ಪಿದ್ದಲ್ಲ. 1998ರಲ್ಲಿ ಫ್ಲಾರಿಡಾದಲ್ಲಿ ಡಿಸ್ನಿಯ ಅನಿಮಲ್ ಕಿಂಗ್‌ಡಮ್ ತೆರೆಯಿತು. ಆ ವರ್ಷ ಪಕ್ಕದಲ್ಲೇ ಇರುವ ಡಿಸ್ನಿಯದೇ ಪಾರ್ಕ್ ಮ್ಯಾಜಿಕ್ ಕಿಂಗ್‌ಡಮ್‌ಗೆ ಬಂದವರ ಸಂಖ್ಯೆ ಸುಮಾರು 1.7 ಕೋಟಿಯಿಂದ 1.56 ಕೋಟಿಗೆ ಇಳಿಯಿತು, ಡಿಸ್ನಿಯ ಇನ್ನೊಂದು ಪಾರ್ಕ್ ಎಪ್ಕಾಟ್‌ನದ್ದೂ ಇಳಿಯಿತು. (ಡಿಸ್ನಿ ತನ್ನ ಅಮೆರಿಕದ ಒಂದೊಂದು ಪಾರ್ಕಿನ ಲೆಕ್ಕ ಹೊರಗೆ ಕೊಡುವುದಿಲ್ಲ. ಅಲ್ಲಿನ ಪಾರ್ಕ್‌ವಾರು ಅಂಕಿಗಳೆಲ್ಲ ಹೊರಗಿನವರ ಅಂದಾಜು.) 2005ರಲ್ಲಿ ಶುರುವಾದ ಹಾಂಗ್‌ಕಾಂಗ್ ಡಿಸ್ನಿಲ್ಯಾಂಡ್ ಮೊದಲ ವರ್ಷ 50 ಲಕ್ಷ ದಾಟಿತು, ಎರಡನೇ ವರ್ಷ 40 ಲಕ್ಷದ ಆಸುಪಾಸಿಗೆ ಬಂತು. ಉದ್ಘಾಟನೆಯ ಕುತೂಹಲ ತೀರಿತು, ಅಷ್ಟೇ.

2019ರ ಕಥೆ ಇನ್ನೂ ತಮಾಷೆ. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್‌ನಲ್ಲಿ ಮೇ 31ಕ್ಕೆ ಸ್ಟಾರ್ ವಾರ್ಸ್ ವಿಭಾಗ ತೆರೆಯಿತು. ಮೊದಲ ವಾರಗಳಲ್ಲಿ ರಿಸರ್ವೇಶನ್ ಇದ್ದವರಿಗಷ್ಟೇ ಆ ವಿಭಾಗಕ್ಕೆ ಪ್ರವೇಶ, ಎಷ್ಟೋ ವಾರ್ಷಿಕ ಪಾಸ್‌ಗಳಿಗೆ ತಡೆ, ಸುತ್ತಲಿನ ಹೋಟೆಲ್ ದರ ಏರಿತ್ತು. ವಿಪರೀತ ರಶ್ ಇರುತ್ತದೆ ಅಂತ ಹೆದರಿ ಜನ ಮನೆಯಲ್ಲೇ ಉಳಿದರು. ಆ ತ್ರೈಮಾಸಿಕದಲ್ಲಿ ಡಿಸ್ನಿಯ ಅಮೆರಿಕದ ಪಾರ್ಕ್‌ಗಳ ಒಟ್ಟು ಭೇಟಿ ಶೇಕಡಾ 3 ಇಳಿಯಿತು. ಅದೂ ಮುಂದಕ್ಕೆ ಹಾಕಿದ ಭೇಟಿಯೇ, ಆದರೆ ಉದ್ಘಾಟನೆ ಆದ ಮೇಲೆ!

ಏರಿದ್ದು ನಿಲ್ಲುವುದೇ ಇಲ್ಲ ಅಂತಲ್ಲ. 2010ರಲ್ಲಿ ಹ್ಯಾರಿ ಪಾಟರ್ ವಿಭಾಗ ತೆರೆದ ಯೂನಿವರ್ಸಲ್‌ನ ಐಲ್ಯಾಂಡ್ಸ್ ಆಫ್ ಅಡ್ವೆಂಚರ್ 2009ರ ಸುಮಾರು 46 ಲಕ್ಷದಿಂದ 2011ಕ್ಕೆ 76 ಲಕ್ಷ ದಾಟಿತು. ಡಿಸ್ನಿಯ ಕ್ಯಾಲಿಫೋರ್ನಿಯಾ ಅಡ್ವೆಂಚರ್ ಪಾರ್ಕ್‌ನಲ್ಲಿ 2012ರಲ್ಲಿ ಕಾರ್ಸ್ ಲ್ಯಾಂಡ್ ಅನ್ನೋ ಹೊಸ ವಿಭಾಗ ಬಂದಾಗ 63 ಲಕ್ಷ ಇದ್ದದ್ದು 78 ಲಕ್ಷದ ಹತ್ತಿರ ಬಂತು, ಮರುವರ್ಷ 85 ಲಕ್ಷ. 2012ರಲ್ಲಿ ಎದುರಿಗಿರುವ ಡಿಸ್ನಿಲ್ಯಾಂಡ್ ಇಳಿದದ್ದು ಶೇಕಡಾ 1ರಷ್ಟು ಮಾತ್ರ. ಇಂಥದ್ದು ನೋಡಿದರೆ ನಾನೂ ಒಪ್ಪುತ್ತೇನೆ. ಆದರೆ ಅದು ಒಂದು ರೈಡ್ ಬೋಲ್ಟ್ ಹಾಕಿ ನಿಲ್ಲಿಸಿದ ಕೆಲಸವಲ್ಲ. ಕ್ಯಾಲಿಫೋರ್ನಿಯಾ ಅಡ್ವೆಂಚರ್‌ನಲ್ಲಿ ಇಡೀ ಪಾರ್ಕನ್ನೇ 100 ಕೋಟಿ ಡಾಲರ್‌ಗಿಂತ ಜಾಸ್ತಿ ಸುರಿದು ತಿದ್ದಿದ್ದರು. ನಿಮ್ಮಲ್ಲೂ ಹಾಗೇ ಆಗುತ್ತದೆ ಅಂತ ನಾನಂತೂ ಸಹಿ ಹಾಕಿ ಕೊಡಲಾರೆ.

ಹಾಗಾಗಿ ಘೋಷಣೆ ಮಾಡುವುದಕ್ಕಿಂತ ಮುಂಚಿನ ವರ್ಷದಿಂದ ಹಿಡಿದು, ತೆರೆದ ಮೇಲೆ ಎರಡನೇ ವರ್ಷದವರೆಗಿನ ಲೆಕ್ಕ ಕೊಡಿ. ಎರಡು ಪಾರ್ಕ್ ಇದ್ದರೆ ಎರಡರದ್ದೂ ಬೇಕು. ಪಾಸ್‌ನವರದ್ದು ಬೇರೆ ಕಾಲಂನಲ್ಲಿ ಇರಲಿ, ಎಲ್ಲ ಒಟ್ಟಿಗೆ ಕೂಡಿಸಿ ಕಳಿಸಿದ ಶೀಟನ್ನು ನಾನು ಹಾಗೇ ವಾಪಸ್ ಕಳಿಸುತ್ತೇನೆ.