ಈ ಪದರ ಇಲ್ಲಿ ಹೇಗೆ ಕೂಡಿತು? ಬಾಬಾಬುಡನ್‌ಗಿರಿಯ ಶಿಲೆಗಳೂ ಗಣಕ ಮಾದರಿಗಳ ಹಿನ್ನೆಲೆಯೂ

ಕಳಸಾಪುರ, ಅಲ್ಲಂಪುರ, ಸಂತವೇರಿ, ಮುಳ್ಳಯ್ಯನಗಿರಿ. ಚಿಕ್ಕಮಗಳೂರಿನವರಿಗೆ ಇವು ಊರು ಮತ್ತು ಬೆಟ್ಟದ ಹೆಸರುಗಳು. ಭೂವಿಜ್ಞಾನಿಗಳಿಗೆ ಇವು ಇನ್ನೊಂದು ಅರ್ಥದಲ್ಲಿಯೂ ಪರಿಚಿತ. ಬಾಬಾಬುಡನ್ ಸಮೂಹವೆಂದು ಕರೆಯುವ, ಸುಮಾರು 270ರಿಂದ 290 ಕೋಟಿ ವರ್ಷಗಳಷ್ಟು ಹಳೆಯ ಶಿಲಾರಾಶಿಯನ್ನು ಅಡಿಯಿಂದ ಮೇಲಕ್ಕೆ ವಿಂಗಡಿಸಿದಾಗ ಅದರ ಒಂದೊಂದು ಹಂತಕ್ಕೂ ಇವೇ ಹೆಸರುಗಳನ್ನು ಕೊಟ್ಟಿದ್ದಾರೆ. ಎಲ್ಲಕ್ಕಿಂತ ಕೆಳಗಿನ ಕಳಸಾಪುರ ಹಂತದಲ್ಲಿ ಬೆಣಚುಗಲ್ಲಿನ ಉರುಟು ಉಂಡೆಗಳು ಒತ್ತೊತ್ತಾಗಿ ಬೆಸೆದುಕೊಂಡಿರುವ ಶಿಲೆಯಿದೆ. ಅದರ ಜೊತೆಗೆ ಮರಳೇ ಗಟ್ಟಿಯಾಗಿ ರೂಪುಗೊಂಡ ಕ್ವಾರ್ಟ್‌ಜೈಟ್, ನಡುನಡುವೆ ಲಾವಾ, ಬೆಟ್ಟದ ನೆತ್ತಿಯ ಕಡೆಗೆ ಕಬ್ಬಿಣದ ಅದಿರಿನ ಪಟ್ಟೆಗಳು ಕಾಣುತ್ತವೆ.

ಈ ಪದರಗಳು ಮೊದಲು ಯಾವ ಬಗೆಯ ನೀರಿನಲ್ಲಿ, ಯಾವ ಕ್ರಮದಲ್ಲಿ ಬಂದು ಕೂಡಿದವು ಎಂಬ ಪ್ರಶ್ನೆಗೆ ಇಂದು ಕಂಪ್ಯೂಟರಿನೊಳಗೆ ನದಿಯನ್ನು ಹರಿಸಿ, ಸಮುದ್ರವನ್ನು ಏರಿಸಿ ಇಳಿಸಿ ಉತ್ತರ ಹುಡುಕುವ ಪದ್ಧತಿಯೊಂದಿದೆ. ಈ ಪದ್ಧತಿ ಬೆಳೆದದ್ದು ಮುಖ್ಯವಾಗಿ ತೈಲದ ಹುಡುಕಾಟದಿಂದ. ಆದರೆ ಅದರ ಮೂಲದಲ್ಲಿರುವ ವಾದ ನಮ್ಮ ಸೀಮೆಗೆ ಹೊಸದಲ್ಲ. 1894ರಲ್ಲಿ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ ರಾಬರ್ಟ್ ಬ್ರೂಸ್ ಫೂಟ್ ಅವರ ಮುಂದಾಳತ್ವದಲ್ಲಿ ಆರಂಭವಾಯಿತು. ಫೂಟ್ ಅವರು ಬಾಬಾಬುಡನ್ ಸಮೂಹವೂ ಸೇರುವ ಧಾರವಾಡ ಶಿಲೆಗಳಲ್ಲಿ ನೀರಿನಿಂದ ಕೂಡಿದ ಪದರಗಳನ್ನು ಗುರುತಿಸಿದ್ದರು. ಮುಂದೆ ಇಲಾಖೆಯನ್ನು ನಡೆಸಿದ ಡಬ್ಲ್ಯು. ಎಫ್. ಸ್ಮೀತ್ ಅವರು ಇದನ್ನು ಒಪ್ಪಲಿಲ್ಲ. ಈ ಶಿಲೆಗಳಲ್ಲಿ ಬಹುಪಾಲು ಅಗ್ನಿಜನ್ಯವೆಂದೂ, ಉಂಡೆಗಲ್ಲಿನಂತೆ ತೋರುವ ಶಿಲೆಗಳು ಭೂಮಿಯೊಳಗಿನ ಒತ್ತಡಕ್ಕೆ ಸಿಕ್ಕಿ ಪುಡಿಯಾಗಿ ಉರುಳಿದ ಚೂರುಗಳಿಂದ ಆದವೆಂದೂ ಅವರು ವಾದಿಸಿದರು. ಅದೇ ಇಲಾಖೆಯ ಬಿ. ರಾಮರಾವ್ ಅವರು ಬಂಡೆಗಳಲ್ಲಿ ಉಳಿದಿದ್ದ ಅಲೆಗುರುತುಗಳನ್ನೂ ನೀರು ಹರಿದ ಕಡೆಗೆ ಬಾಗಿ ಕುಳಿತ ಓರೆಪದರಗಳನ್ನೂ ತೋರಿಸಿ, ಇವುಗಳಲ್ಲಿ ಹಲವು ನೀರು ತಂದು ಹಾಕಿದವೇ ಎಂದು ಸಾಧಿಸಿದರು. ಅವರು ಮಾಡಿದ ಕೆಲಸ ಸರಳವೂ ಕಠಿಣವೂ ಆದುದು: ಒಂದು ಊಹೆ ನಿಜವಾಗಿದ್ದರೆ ಕಲ್ಲಿನಲ್ಲಿ ಏನು ಕಾಣಬೇಕು ಎಂದು ಯೋಚಿಸಿ, ಅದು ಕಾಣುತ್ತದೆಯೇ ಎಂದು ಹೋಗಿ ನೋಡುವುದು. ಗಣಕ ಮಾದರಿಯೂ ಮಾಡುವುದು ಇದನ್ನೇ ಎಂದು ನಾನು ತಿಳಿದಿದ್ದೇನೆ.

ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು ಎಂಬ ನಿಯಮವನ್ನು ನಿಕೋಲಸ್ ಸ್ಟೆನೊ 1669ರಲ್ಲಿಯೇ ಬರೆದಿಟ್ಟಿದ್ದರು. 1894ರಲ್ಲಿ ಯೊಹಾನೆಸ್ ವಾಲ್ಥರ್ ಅದಕ್ಕೆ ಇನ್ನೊಂದು ಮಾತು ಸೇರಿಸಿದರು: ಪದರಗಳ ನಡುವೆ ಕಾಲದ ಬಿರುಕಿಲ್ಲದಿದ್ದರೆ, ಇಂದು ಒಂದರ ಮೇಲೊಂದು ಕಾಣುವ ಪದರಗಳು ಅಂದು ಪಕ್ಕಪಕ್ಕದ ನೆಲೆಗಳಲ್ಲಿ ಕೂಡುತ್ತಿದ್ದವು. ದಡದ ಮರಳಿನ ಮೇಲೆ ಆಳದ ಕೆಸರು ಬಂದು ಕುಳಿತಿದ್ದರೆ ದಡವೇ ಒಳನಾಡಿಗೆ ಸರಿದಿತ್ತೆಂದು ತಿಳಿಯಬೇಕು. ಹೀಗೆ ಲಂಬವಾದ ಒಂದು ಸೀಳನ್ನು ನೋಡಿ ಒಂದು ಸೀಮೆಯ ಚಿತ್ರವನ್ನು ಕಟ್ಟಿಕೊಳ್ಳುವುದು ಸಾಧ್ಯವಾಯಿತು.

ಚಿತ್ರ ಲೆಕ್ಕವಾಗಬೇಕಾದರೆ ಕಣಗಳ ನಡೆ ತಿಳಿಯಬೇಕು. 1851ರಲ್ಲಿ ಜಾರ್ಜ್ ಸ್ಟೋಕ್ಸ್ ಕೊಟ್ಟ ಸೂತ್ರದ ಪ್ರಕಾರ ಸಣ್ಣ ಕಣವೊಂದು ನೀರಿನಲ್ಲಿ ಇಳಿಯುವ ವೇಗ ಅದರ ವ್ಯಾಸದ ವರ್ಗಕ್ಕೆ ಅನುಗುಣವಾಗಿರುತ್ತದೆ. ಗೊರೂರಿನಲ್ಲಿ 1979ರಲ್ಲಿ ಪೂರ್ಣಗೊಂಡ ಹೇಮಾವತಿ ಜಲಾಶಯವನ್ನು ನೆನೆಯೋಣ. 10 ಮೀಟರ್ ಆಳದ ನಿಂತ ನೀರಿನಲ್ಲಿ 0.1 ಮಿಲಿಮೀಟರ್ ವ್ಯಾಸದ ಮರಳಿನ ಕಣ ತಳ ಸೇರಲು ಸುಮಾರು 20 ನಿಮಿಷ ಸಾಕು, 0.01 ಮಿಲಿಮೀಟರಿನ ಗೋಡು ಕಣಕ್ಕೆ ಸುಮಾರು 31 ಗಂಟೆ ಬೇಕು, 0.001 ಮಿಲಿಮೀಟರಿನ ಜೇಡಿಯ ಕಣಕ್ಕೆ ನಾಲ್ಕು ತಿಂಗಳಿಗೂ ಹೆಚ್ಚು. ಆದುದರಿಂದಲೇ ಹೊಳೆಯ ನೀರು ನಿಂತ ನೀರನ್ನು ಸೇರುವಲ್ಲಿ ದಪ್ಪ ಮರಳು ಮೊದಲು ಬೀಳುತ್ತದೆ, ನಯವಾದ ಕೆಸರು ಕಟ್ಟೆಯ ಕಡೆಗೆ ದೂರ ಹೋಗುತ್ತದೆ. ಬೇಸಿಗೆಯಲ್ಲಿ ಹಿನ್ನೀರು ಸರಿದು ಶೆಟ್ಟಿಹಳ್ಳಿಯ ಹಳೆಯ ಚರ್ಚು ಹೊರಗೆ ಬಂದಾಗ ಸುತ್ತಲಿನ ನೆಲವನ್ನು ಕೆದಕಿ ನೋಡುವವರಿಗೆ ಈ ಮಾತು ಸುಲಭವಾಗಿ ಅರ್ಥವಾಗುತ್ತದೆ. ತಳದಲ್ಲಿ ಕುಳಿತ ಕಣವನ್ನು ಮತ್ತೆ ಎಬ್ಬಿಸಲು ಹರಿವಿನ ಎಳೆತ ಎಷ್ಟಿರಬೇಕು ಎಂಬುದನ್ನು ಆಲ್ಬರ್ಟ್ ಶೀಲ್ಡ್ಸ್ 1936ರಲ್ಲಿ ಬರ್ಲಿನ್ನಿನಲ್ಲಿ ತೋರಿಸಿದರು. ಇಳಿಯುವ ಲೆಕ್ಕವೂ ಏಳುವ ಲೆಕ್ಕವೂ ಕೈಗೆ ಬಂದ ಮೇಲೆ, ಅದನ್ನು ಲಕ್ಷಾಂತರ ಸಲ ಮಾಡುವ ಯಂತ್ರವೊಂದೇ ಬಾಕಿಯಿತ್ತು.

ಆ ಯಂತ್ರ ಸಿಕ್ಕ ಕೂಡಲೇ ಅದನ್ನು ಈ ಕೆಲಸಕ್ಕೆ ಹಚ್ಚಿದವರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾನ್ ಹಾರ್ಬಾ ಪ್ರಮುಖರು. ಐಬಿಎಂ 7090 ಮತ್ತು 7094 ಕಂಪ್ಯೂಟರುಗಳಲ್ಲಿ ಸಮುದ್ರತಳದ ಸಂಚಯವನ್ನು ಅನುಕರಿಸಿದ ಅವರ ವರದಿಯನ್ನು ಕಾನ್ಸಾಸ್ ಭೂವಿಜ್ಞಾನ ಸಮೀಕ್ಷೆ 1966ರಲ್ಲಿ ಪ್ರಕಟಿಸಿತು. 1980ರ ದಶಕದಲ್ಲಿ ಅವರೂ ಡೇನಿಯಲ್ ಟೆಟ್ಜ್‌ಲಾಫ್ ಅವರೂ ಸೆಡ್‌ಸಿಮ್ ಎಂಬ ಮಾದರಿಯನ್ನು ರೂಪಿಸಿದರು. ಅದರಲ್ಲಿ ನೆಲವು ಚೌಕಗಳ ಜಾಲವಾಗಿರುತ್ತದೆ. ನೀರು ಬಿಡಿಬಿಡಿ ಬಿಂದುಗಳಾಗಿ ಆ ಜಾಲದ ಮೇಲೆ ಇಳಿಜಾರನ್ನು ಹಿಡಿದು ಸಾಗುತ್ತದೆ. ಪ್ರತಿಯೊಂದು ಬಿಂದುವೂ ದಪ್ಪ ಮರಳಿನಿಂದ ನಯವಾದ ಕೆಸರಿನವರೆಗೆ ಕೆಲವು ಗಾತ್ರದ ಕಣಗಳನ್ನು ಹೊತ್ತು, ವೇಗ ಹೆಚ್ಚಿದಾಗ ಕೊರೆದು, ತಗ್ಗಿದಾಗ ಕೆಡವುತ್ತದೆ. ಕೆಡವಿದ್ದರಿಂದ ನೆಲದ ಇಳಿಜಾರು ಬದಲಾಗುತ್ತದೆ, ಮುಂದಿನ ಬಿಂದುವಿನ ದಾರಿಯೂ ಬದಲಾಗುತ್ತದೆ.

ಕೋಟಿ ವರ್ಷಗಳ ಇತಿಹಾಸವನ್ನು ಹೀಗೆ ಹನಿಹನಿಯಾಗಿ ನಡೆಸುವುದು ಅಸಾಧ್ಯ. 1990ರ ದಶಕದಲ್ಲಿ ಫ್ರಾನ್ಸಿನ ಪೆಟ್ರೋಲಿಯಂ ಸಂಶೋಧನಾ ಸಂಸ್ಥೆಯಲ್ಲಿ ದಿದಿಯೆ ಗ್ರಾಂಜೋನ್ ಅವರು ಬೆಳೆಸಿದ ಡಯೊನಿಸೋಸ್ ಮಾದರಿ ಬೇರೆ ದಾರಿ ಹಿಡಿಯಿತು. ಒಂದು ನೆರೆ, ಒಂದು ತಿರುವು ಎಂದು ನೋಡದೆ, ದೀರ್ಘಕಾಲದಲ್ಲಿ ಹೂಳು ಇಳಿಜಾರಿಗೆ ತಕ್ಕಷ್ಟು ಕೆಳಕ್ಕೆ ಸಾಗುತ್ತದೆ ಎಂದು ಅದು ಲೆಕ್ಕ ಹಾಕುತ್ತದೆ. ಲೋಹದ ಸರಳಿನಲ್ಲಿ ಶಾಖ ಹರಡುವುದಕ್ಕೆ ಬಳಸುವ ಸಮೀಕರಣವೇ ಇಲ್ಲಿಯ ಬುನಾದಿ. ಒಂದೊಂದು ಹೆಜ್ಜೆಯೂ ಸಾವಿರಾರು ವರ್ಷಗಳದ್ದು. ಹೊಳೆಯ ತಿರುವುಗಳು ಇದರಲ್ಲಿ ಕಾಣಿಸುವುದಿಲ್ಲ, ಆದರೆ ನದೀಮುಖವೊಂದು ಸಮುದ್ರದೊಳಕ್ಕೆ ಚಾಚುವುದೂ ಹಿಂದೆ ಸರಿಯುವುದೂ ಕಾಣಿಸುತ್ತದೆ.

ಮಾದರಿಗೆ ಹೋಲಿಸಿ ನೋಡಲು ನಿಜವಾದ ಚಿತ್ರವೂ ಬೇಕಷ್ಟೆ. ಅದು ನೆಲಕ್ಕೆ ಧ್ವನಿಯ ಅಲೆಗಳನ್ನು ಕಳುಹಿಸಿ ಮರುದನಿಯನ್ನು ದಾಖಲಿಸುವ ಸರ್ವೇಕ್ಷಣೆಯಿಂದಲೂ ಕೊರೆದ ಬಾವಿಗಳಿಂದಲೂ ಬರುತ್ತದೆ. 1977ರಲ್ಲಿ ಎಕ್ಸಾನ್ ತೈಲ ಕಂಪನಿಯ ಪೀಟರ್ ವೇಲ್ ಮತ್ತು ಸಂಗಡಿಗರು ಇಂತಹ ಚಿತ್ರಗಳಿಂದ ಪ್ರಪಂಚದ ಸಮುದ್ರಮಟ್ಟದ ಏರಿಳಿತವನ್ನೇ ಓದಬಹುದೆಂದು ಪ್ರತಿಪಾದಿಸಿದರು. ಅದರ ಸುತ್ತ ಎದ್ದ ಚರ್ಚೆ ಮಾದರಿಗಳಿಗೆ ನಿಜವಾದ ಪರೀಕ್ಷೆಯಾಯಿತು. ಸಮುದ್ರ ಏರಿದರೂ ದಡ ಒಳಕ್ಕೆ ಸರಿಯುತ್ತದೆ, ನೆಲ ಕುಸಿದರೂ ಸರಿಯುತ್ತದೆ, ನದಿ ತರುವ ಹೂಳು ಕಡಿಮೆಯಾದರೂ ಸರಿಯುತ್ತದೆ. ಬೇರೆ ಬೇರೆ ಕಾರಣಗಳಿಂದ ಒಂದೇ ಆಕಾರದ ಪದರಗಳು ಮೂಡಬಹುದೆಂಬುದನ್ನು ಮಾದರಿಗಳನ್ನು ಓಡಿಸಿಯೇ ತೋರಿಸಿದ್ದಾರೆ. ಒಂದು ಮಾದರಿಯ ಫಲ ಕಣ್ಣಮುಂದಿನ ಚಿತ್ರಕ್ಕೆ ಹೊಂದಿತೆಂದರೆ ಅದೇ ಚರಿತ್ರೆ ಎಂದು ಹೇಳುವಂತಿಲ್ಲ. ಹೊಂದದಿದ್ದರೆ ಮಾತ್ರ ಆ ಊಹೆಯನ್ನು ಧೈರ್ಯವಾಗಿ ಬಿಡಬಹುದು. ವರ್ಣರಂಜಿತ ಚಿತ್ರಗಳನ್ನು ನೋಡುವಾಗ ಇದನ್ನು ಮರೆಯುವುದು ಬಹಳ ಸುಲಭ.

ಇನ್ನೊಂದು ತೊಡಕು ಕಾಲದ್ದು. ಕೆರೆಯ ಕೋಡಿ ಹರಿದ ರಾತ್ರಿ ಒಂದು ಬೆರಳಿನಷ್ಟು ಗೋಡು ಕುಳಿತಿತು ಎನ್ನೋಣ. ಮರುವರ್ಷದ ನೆರೆ ಅದರ ಅರ್ಧವನ್ನು ಕೊಚ್ಚಿಕೊಂಡು ಹೋದೀತು. 1981ರಲ್ಲಿ ಪೀಟರ್ ಸ್ಯಾಡ್ಲರ್ ಪ್ರಪಂಚದ ಅಳತೆಗಳನ್ನು ಕಲೆಹಾಕಿ, ಅಳೆಯುವ ಅವಧಿ ಉದ್ದವಾದಷ್ಟೂ ಸಂಚಯದ ಸರಾಸರಿ ವೇಗ ಕಡಿಮೆಯಾಗುತ್ತದೆಂದು ತೋರಿಸಿದರು. ಉಳಿದುಬಂದ ಪದರಗಳಿಗಿಂತ ಉಳಿಯದೆ ಹೋದ ಕಾಲವೇ ದೊಡ್ಡದು ಎಂಬುದು ಇದರ ಅರ್ಥ. ಆದುದರಿಂದ ಇಂದಿನ ಜಲಾಶಯದ ಹೂಳಿನ ವೇಗವನ್ನು ಹಾಗೆಯೇ ತೆಗೆದುಕೊಂಡು ಹಳೆಯ ಶಿಲೆಗಳ ಲೆಕ್ಕಕ್ಕೆ ಇಳಿಯುವಂತಿಲ್ಲ.

ತೆಳುವಾದ ಒಂದು ಪದರ ಎಷ್ಟು ಮುಖ್ಯವೆಂಬುದಕ್ಕೆ ನಾರ್ವೆಯ ಸ್ಲೈಪ್ನರ್ ಎಂಬ ಸಮುದ್ರದ ಅನಿಲಕ್ಷೇತ್ರ ಸಾಕ್ಷಿ. ಅಲ್ಲಿ 1996ರಿಂದ ವರ್ಷಕ್ಕೆ ಸುಮಾರು 10 ಲಕ್ಷ ಟನ್ ಇಂಗಾಲದ ಡೈಆಕ್ಸೈಡನ್ನು ಸಮುದ್ರತಳದ ಕೆಳಗಿನ ಮರಳುಶಿಲೆಗೆ ತುಂಬಿದರು. ಆ ಅನಿಲ ನೇರವಾಗಿ ಮೇಲಕ್ಕೆ ಏರದೆ, ಮೀಟರಿನಷ್ಟೇ ದಪ್ಪದ ಕೆಸರುಶಿಲೆಯ ಪೊರೆಗಳ ಅಡಿಯಲ್ಲಿ ತಡೆದು ನಿಂತು ಒಂಬತ್ತು ಪದರಗಳಾಗಿ ಹರಡಿತು. ಅಷ್ಟು ತೆಳುವಾದ ಪೊರೆಗಳು ಎಲ್ಲಿಂದ ಎಲ್ಲಿಯವರೆಗೆ ಹಬ್ಬಿವೆ ಎಂದು ಊಹಿಸಲು, ಅವು ಕೂಡಿದ ಬಗೆಯನ್ನು ಅರಿಯುವುದಲ್ಲದೆ ಬೇರೆ ದಾರಿ ಕಡಿಮೆ.

ಬಾಬಾಬುಡನ್ ಶಿಲೆಗಳನ್ನು ಕುರಿತು ಆರ್. ಶ್ರೀನಿವಾಸನ್ ಮತ್ತು ಆರ್. ಡಬ್ಲ್ಯು. ಒಜಕಂಗಾಸ್ 1986ರಲ್ಲಿ ಪ್ರಕಟಿಸಿದ ಅಧ್ಯಯನ ಉಂಡೆಗಲ್ಲಿನ ಪದರಗಳಲ್ಲಿ ಕವಲುಕವಲಾಗಿ ಹರಿಯುವ ನದಿಗಳ ಕುರುಹನ್ನು ಕಂಡಿತು. ಅಂತಹ ನದಿಯನ್ನು ಕಂಪ್ಯೂಟರಿನಲ್ಲಿ ಹರಿಸಹೊರಟವರು ಇಂದಿನ ಹೇಮಾವತಿಯನ್ನೋ ಭದ್ರೆಯನ್ನೋ ನಕಲು ಮಾಡುವಂತಿಲ್ಲ. ಅಂದು ದಡವನ್ನು ಹಿಡಿದಿಡುವ ಹುಲ್ಲು, ಮರ, ಬೇರು ಯಾವುದೂ ಇರಲಿಲ್ಲ. ನೆಲದ ಸಸ್ಯಗಳು ಬಂದದ್ದು ಸುಮಾರು 47 ಕೋಟಿ ವರ್ಷಗಳ ಹಿಂದೆ. ಗಾಳಿಯಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆಯಿದ್ದುದರಿಂದ ಪೈರೈಟ್ (ಕಬ್ಬಿಣ ಮತ್ತು ಗಂಧಕದ ಖನಿಜ) ಮತ್ತು ಯುರೇನಿನೈಟ್ (ಯುರೇನಿಯಂ ಖನಿಜ) ಕಣಗಳು ಕರಗದೆ ಮರಳಿನೊಂದಿಗೆ ಉರುಳಿಬಂದವು; ನೀರಿಗಿಂತ ಸುಮಾರು 5 ಪಟ್ಟು ಮತ್ತು 10 ಪಟ್ಟು ಭಾರವಾದ ಈ ಕಣಗಳ ಇಳಿಕೆಯನ್ನು ಮಾದರಿ ಬೇರೆಯಾಗಿಯೇ ಲೆಕ್ಕಹಾಕಬೇಕು. ಆಮೇಲೆ ಮಡಚಿ ಓರೆಯಾಗಿರುವ ಪದರಗಳನ್ನು ಮೊದಲಿನ ಸಮತಟ್ಟಿಗೆ ತಿರುಗಿಸಿಕೊಂಡು, ಕಳಸಾಪುರದ ಸುತ್ತಿನ ಕ್ವಾರ್ಟ್‌ಜೈಟಿನಲ್ಲಿ ದಿಕ್ಸೂಚಿ ಹಿಡಿದು ಅಳೆದ ಓರೆಪದರಗಳು ತೋರುವ ಕಡೆಗೇ ಆ ಗಣಕದ ನದಿಯೂ ಹರಿಯಿತೇ ಎಂದು ನೋಡಬೇಕು.