ಸ್ಕ್ರೀನ್ ರೀಡರ್ ಓದಬಲ್ಲ ತಂತ್ರಾಂಶಕ್ಕೆ ಯಾವ ಜಿಯುಐ ಟೂಲ್‌ಕಿಟ್?

ಪೈಥಾನ್ ಕಲಿಯುವವರು ಮೊದಲ ವಿಂಡೋ ಕಟ್ಟುವುದು ಹೆಚ್ಚಾಗಿ ಟಿಕಿಂಟರ್ ಎಂಬ ಜಿಯುಐ ಟೂಲ್‌ಕಿಟ್‌ನಲ್ಲಿ, ಅಂದರೆ ವಿಂಡೋ, ಬಟನ್, ಮೆನು ಮಾಡಿಕೊಡುವ ಸಲಕರಣೆಯಲ್ಲಿ. ಪೈಥಾನ್ ಜೊತೆಗೇ ಬರುತ್ತದೆ, ಕಲಿಯಲು ಸುಲಭ. ಅದರಲ್ಲಿ 'ಉಳಿಸು' ಅಂತ ಒಂದು ಬಟನ್ ಮಾಡಿ. ವಿಂಡೋಸ್‌ನಲ್ಲಿ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ (ಕಣ್ಣು ಕಾಣದವರಿಗೆ ಪರದೆಯಲ್ಲಿರುವುದನ್ನು ಓದಿ ಹೇಳುವ ತಂತ್ರಾಂಶ) ಶುರು ಮಾಡಿ, ಕಣ್ಣು ಮುಚ್ಚಿ ಟ್ಯಾಬ್ ಒತ್ತಿ. ಟಿಕಿಂಟರ್ ಒಳಗೆ ಕೆಲಸ ಮಾಡುವ ಟಿಕೆಯ 8.6 ಆವೃತ್ತಿ ಇದ್ದರೆ 'ಉಳಿಸು' ಎಂಬ ಪದ ಕೇಳಿಸುವುದೇ ಇಲ್ಲ.

ಯಾಕೆ? ಸ್ಕ್ರೀನ್ ರೀಡರ್ ಪರದೆಯ ಚಿತ್ರ ನೋಡಿ ಓದುವುದಿಲ್ಲ. ಅದು ಆಪರೇಟಿಂಗ್ ಸಿಸ್ಟಮ್ ಮೂಲಕ ತಂತ್ರಾಂಶವನ್ನು ಕೇಳುತ್ತದೆ: ನಿನ್ನ ಹೆಸರೇನು, ನೀನು ಬಟನ್ನೋ ಚೆಕ್‌ಬಾಕ್ಸೋ, ಟಿಕ್ ಆಗಿದ್ದೀಯಾ ಇಲ್ಲವಾ? ವಿಂಡೋಸ್‌ನಲ್ಲಿ ಈ ಮಾತುಕತೆಗೆ ಯುಐ ಆಟೊಮೇಷನ್ ಇದೆ, ಹಳೆಯದಾದ ಎಂಎಸ್‌ಎಎ ಕೂಡ ಇದೆ. ಲಿನಕ್ಸ್‌ನಲ್ಲಿ ಎಟಿ-ಎಸ್‌ಪಿಐ. ಟಿಕೆ 8.6 ಬಟನ್ ಬಿಡಿಸುತ್ತದೆ, ಆದರೆ ಈ ಪ್ರಶ್ನೆಗಳಿಗೆ ಉತ್ತರ ಕೊಡುವುದಿಲ್ಲ. ಹಾಗಾಗಿ ಟೂಲ್‌ಕಿಟ್ ಆರಿಸುವಾಗ ನಾನು ಮೊದಲು ನೋಡುವುದು ಇದನ್ನೇ. ಅಂದಚಂದ ಆಮೇಲೆ.

ವಿಂಡೋಸ್ ಬಳಕೆದಾರರಿಗಾದರೆ ನನ್ನ ಆಯ್ಕೆ ಡಬ್ಲ್ಯೂಎಕ್ಸ್‌ಪೈಥಾನ್. ಅದು ತಾನೇ ಬಟನ್ ಬಿಡಿಸದೆ ವಿಂಡೋಸ್‌ನದ್ದೇ ಬಟನ್, ಪಟ್ಟಿ, ಮೆನುಗಳನ್ನು ತಂದು ಕೂರಿಸುತ್ತದೆ. ಉತ್ತರ ಕೊಡುವ ಕೆಲಸ ಅವುಗಳಿಗೆ ಮೊದಲೇ ಗೊತ್ತು. ಎನ್‌ವಿಡಿಎಯ ಸ್ವಂತ ಸೆಟ್ಟಿಂಗ್ಸ್ ವಿಂಡೋಗಳೂ ಇದರಲ್ಲೇ ಆಗಿವೆ. ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಾ?

ಆದರೂ ಒಂದು ಸೂಕ್ಷ್ಮ ಇದೆ, ಇದನ್ನು ಚೆನ್ನಾಗಿ ನೆನಪಿಡಿ. 'ಊರು' ಎಂಬ ಲೇಬಲ್ ಪಕ್ಕದಲ್ಲಿ ಬರೆಯುವ ಪೆಟ್ಟಿಗೆ ಇದ್ದ ಮಾತ್ರಕ್ಕೆ ಅವೆರಡಕ್ಕೂ ನಂಟು ಇದೆ ಅಂತಲ್ಲ. ಕೋಡ್‌ನಲ್ಲಿ ಮೊದಲು ಲೇಬಲ್ ಸೃಷ್ಟಿಸಿ, ಅದರ ಬೆನ್ನಿಗೇ ಪೆಟ್ಟಿಗೆ ಸೃಷ್ಟಿಸಬೇಕು. ಆಗ ವಿಂಡೋಸ್ ಹಿಂದಿನ ಲೇಬಲ್ಲನ್ನೇ ಪೆಟ್ಟಿಗೆಯ ಹೆಸರು ಅಂತ ತೆಗೆದುಕೊಳ್ಳುತ್ತದೆ. ಎಲ್ಲ ಲೇಬಲ್‌ಗಳನ್ನು ಒಟ್ಟಿಗೆ ಮಾಡಿ, ಆಮೇಲೆ ಎಲ್ಲ ಪೆಟ್ಟಿಗೆಗಳನ್ನು ಮಾಡಿದರೆ ಪರದೆ ಸರಿಯಾಗೇ ಕಾಣುತ್ತದೆ. ಕೇಳುವವರಿಗೆ ಮಾತ್ರ ಯಾವುದರಲ್ಲಿ ಏನು ತುಂಬಬೇಕು ಅಂತ ತಿಳಿಯುವುದಿಲ್ಲ. ಟ್ಯಾಬ್ ಸಾಗುವುದೂ ಸೃಷ್ಟಿಸಿದ ಕ್ರಮದಲ್ಲೇ. ಇನ್ನೊಂದು, ಇದರ ಗ್ರಿಡ್ (ಚೌಕಗಳ ಕೋಷ್ಟಕ) ವಿಂಡೋಸ್‌ನದ್ದಲ್ಲ, ಟೂಲ್‌ಕಿಟ್ಟೇ ಬಿಡಿಸಿದ್ದು, ಹಾಗಾಗಿ ಅದು ಸರಿಯಾಗಿ ಉತ್ತರ ಕೊಡುತ್ತದೆ ಅಂತ ನಂಬುವಂತಿಲ್ಲ. ಸಾಲುಗಳನ್ನು ತೋರಿಸಲಷ್ಟೇ ಬೇಕಿದ್ದರೆ ಲಿಸ್ಟ್ ಕಂಟ್ರೋಲ್ ಸಾಕು.

ಲಿನಕ್ಸ್, ಮ್ಯಾಕ್‌ಗಳಲ್ಲೂ ಒಂದೇ ರೂಪ ಬೇಕಿದ್ದರೆ ಕ್ಯೂಟಿ. ಅದು ತಾನೇ ಬಿಡಿಸುತ್ತದೆ, ಆದರೆ ಉತ್ತರವನ್ನೂ ಕೊಡುತ್ತದೆ. ಲೇಬಲ್ಲಿಗೆ ಪೆಟ್ಟಿಗೆಯನ್ನು 'ಬಡ್ಡಿ' (ಇಂಗ್ಲಿಷಿನ buddy, ಜೊತೆಗಾರ) ಅಂತ ನೀವೇ ಜೋಡಿಸಬೇಕು. ಬರೀ ಚಿತ್ರವಿರುವ ಬಟನ್‌ಗೆ ಹೆಸರನ್ನೂ ನೀವೇ ಕೊಡಬೇಕು. ಲಿನಕ್ಸ್ ಒಂದೇ ಸಾಕು ಅನ್ನುವವರಿಗೆ ಜಿಟಿಕೆ, ಅಲ್ಲಿನ ಸ್ಕ್ರೀನ್ ರೀಡರ್ ಓರ್ಕಾ ಜೊತೆ ಪರೀಕ್ಷಿಸಿ.

ಕನ್ನಡ ಲೇಬಲ್ ಹಾಕುತ್ತೀರಾ? ಖಂಡಿತ ಹಾಕಿ. ಎನ್‌ವಿಡಿಎ ಜೊತೆ ಬರುವ ಇಸ್ಪೀಕ್ ಎಂಬ ಧ್ವನಿ ತಂತ್ರಾಂಶಕ್ಕೆ ಕನ್ನಡ ಬರುತ್ತದೆ. ಆದರೆ ಕೆಲವರು ಇಂಗ್ಲಿಷ್ ಮಾತ್ರ ಬರುವ ಧ್ವನಿ ಇಟ್ಟುಕೊಂಡಿರುತ್ತಾರೆ, ಅವರಿಗಾಗಿ ಭಾಷೆ ಬದಲಿಸುವ ಆಯ್ಕೆಯೂ ಇರಲಿ.

ಕೊನೆಗೆ ಪರೀಕ್ಷೆ. ಎನ್‌ವಿಡಿಎಯ ಟೂಲ್ಸ್ ಮೆನುವಿನಲ್ಲಿ ಸ್ಪೀಚ್ ವ್ಯೂವರ್ ಇದೆ, ಎನ್‌ವಿಡಿಎ ಆಡಿದ ಮಾತನ್ನೆಲ್ಲ ಅದು ಬರೆದು ತೋರಿಸುತ್ತದೆ. ಮೌಸ್ ಪಕ್ಕಕ್ಕಿಟ್ಟು ಒಂದು ಅರ್ಜಿ ಪೂರ್ತಿ ತುಂಬಿ. ಬರೀ 'ಬಟನ್' ಅಂತ ಬಂದಿರುವ ಸಾಲು ಸಿಕ್ಕಿದರೆ, ಹೆಸರು ಬಿಟ್ಟುಹೋಗಿರುವುದು ಅಲ್ಲೇ.